ಇದು ಇವತ್ತು ಮುರಿದಿದ್ದಲ್ಲ

ನನ್ನ ಓದುವ ಮೇಜಿನ ಮೇಲೆ ಪೇಪರ್‌ವೇಟ್ ಬದಲು ಒಂದು ಕಬ್ಬಿಣದ ತುಂಡಿದೆ. ಮುರಿದ ಟೆಂಪೊ ಆಕ್ಸಲ್‌ನ ತುದಿ ಅದು. ಮನೆಗೆ ಬಂದ ಗೆಳತಿಯರು ಎತ್ತಿ ನೋಡಿ, 'ಏನೇ ಇದು, ಗುಜರಿ ಸಾಮಾನು!' ಅಂತ ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಅದನ್ನು ಗುಜರಿಗೆ ಹಾಕಲು ಇವತ್ತಿನವರೆಗೂ ಮನಸ್ಸು ಬಂದಿಲ್ಲ.

ಅಪ್ಪನದು ಬಾಡಿಗೆ ಟೆಂಪೊ. ಚಿಂತಾಮಣಿ ಸುತ್ತಮುತ್ತಲ ಹಳ್ಳಿಗಳ ರೈತರಿಂದ ರೇಷ್ಮೆಗೂಡು ತುಂಬಿಕೊಂಡು ಬೆಳಗಾಗುವ ಮುನ್ನ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಮುಟ್ಟಿಸುವುದು, ವಾಪಸು ಬರುವಾಗ ಗೊಬ್ಬರವೋ ಸಿಮೆಂಟೋ ಸಿಕ್ಕರೆ ಹಾಕಿಕೊಂಡು ಬರುವುದು. ನಾನು ಚಿಕ್ಕಬಳ್ಳಾಪುರದಲ್ಲಿ ಎಂಜಿನಿಯರಿಂಗ್ ಮೂರನೇ ಸೆಮಿಸ್ಟರ್‌ನಲ್ಲಿದ್ದಾಗ ಒಂದು ದಿನ, ಗೂಡು ತುಂಬಿದ ಟೆಂಪೊದ ಹಿಂದಿನ ಆಕ್ಸಲ್ ಹೋಗುತ್ತಿದ್ದ ಹಾಗೇ ಕಟ್ಟಾಯಿತು. ಗಾಡಿ ರಸ್ತೆ ಪಕ್ಕದ ಹಳ್ಳಕ್ಕೆ ವಾಲಿತು. ಪುಣ್ಯಕ್ಕೆ ಯಾರ ಪ್ರಾಣಕ್ಕೂ ಏನೂ ಆಗಲಿಲ್ಲ. ಅಪ್ಪನ ಭುಜದ ಮೂಳೆ ಬಿರಿಯಿತು, ಅಷ್ಟೆ. ಆದರೆ ಮಳೆ ಬರುತ್ತಿತ್ತು. ಚೀಲಗಳು ಒಂದರ ಮೇಲೊಂದು ಬಿದ್ದು, ಒಳಗಿನ ಹುಳು ಜಜ್ಜಿಹೋಗಿ, ಬೆಳ್ಳಗಿದ್ದ ಗೂಡಿಗೆಲ್ಲ ಕಲೆ ಹತ್ತಿತ್ತು. ಅಂಥ ಗೂಡನ್ನು ಯಾವ ರೀಲರ್ ತಾನೇ ಕೊಳ್ಳುತ್ತಾನೆ? ಒಂದು ತಿಂಗಳು ಹಗಲೂರಾತ್ರಿ ಹಿಪ್ಪುನೇರಳೆ ಸೊಪ್ಪು ಹಾಕಿ ಬೆಳೆಸಿದ ಮೂರು ಮನೆಯವರ ದುಡಿಮೆ ಅದು.

ಅವತ್ತು ಮನೆಗೆ ಬಂದವರೆಲ್ಲ ಒಂದೊಂದು ಕಾರಣ ಹೇಳಿದರು. ರಸ್ತೆಯ ಗುಂಡಿ ಅಂದರು ಕೆಲವರು. ದೃಷ್ಟಿಯಾಗಿದೆ ಅಂದರು ಅತ್ತೆ. 'ಲೋಡು ಜಾಸ್ತಿ ಮಾಡ್ಬಿಟ್ಟೆ, ನಂದೇ ತಪ್ಪು' ಅಂತ ಅಪ್ಪ ಗೋಡೆ ಕಡೆ ತಿರುಗಿ ಮಲಗಿದ್ದರು.

ಬೇರೆ ಮಾತು ಹೇಳಿದ್ದು ಗ್ಯಾರೇಜಿನ ಮೇಸ್ತ್ರಿ ಒಬ್ಬರೇ. ಮುರಿದ ತುದಿಯನ್ನು ಬಟ್ಟೆಯಲ್ಲಿ ಒರೆಸಿ ನನ್ನ ಕೈಗಿಟ್ಟು, 'ಇದು ಇವತ್ತು ಮುರಿದಿದ್ದಲ್ಲಮ್ಮ. ಯಾವಾಗಿಂದಲೋ ಮುರೀತಾ ಇತ್ತು. ಇವತ್ತು ಮುಗೀತು ಅಷ್ಟೇ' ಅಂದರು.

ಬೆಳಕಿಗೆ ಹಿಡಿದು ನೋಡಿದೆ. ಮುರಿದ ಮುಖದಲ್ಲಿ ಎರಡು ಭಾಗ. ಒಂದು ಕಡೆ ನುಣುಪಾಗಿ, ಕಪ್ಪೆಚಿಪ್ಪಿನ ಮೇಲಿರುವಂಥ ಗೆರೆಗಳು ಬಿಲ್ಲಿನಂತೆ ಒಂದರ ಹಿಂದೆ ಒಂದು. ಇನ್ನೊಂದು ಕಡೆ ಸಕ್ಕರೆ ಅಚ್ಚು ಮುರಿದಂತೆ ಒರಟು. ಆ ಬಿಲ್ಲುಗಳೆಲ್ಲ ಅಂಚಿನ ಒಂದೇ ಚುಕ್ಕೆಯಿಂದ ಹೊರಟಿದ್ದವು. ಯಾರೋ ಯಾವತ್ತೋ ರಿಪೇರಿ ಮಾಡುವಾಗ, ಎಡ ಯಾವುದು ಬಲ ಯಾವುದು ಅಂತ ಗುರುತಿಗೆ ಉಳಿಯಿಂದ ಕೊಟ್ಟ ಒಂದು ಏಟಿನ ಗುರುತು ಅದು!

ಅದೇ ವಾರ ಕ್ಲಾಸಿನಲ್ಲಿ ಮೆಟೀರಿಯಲ್ ಸೈನ್ಸ್ ಪಾಠ ನಡೆಯುತ್ತಿತ್ತು. ವಿಷಯ: ಫಟೀಗ್. ಕನ್ನಡದಲ್ಲಿ ಹೇಳುವುದಾದರೆ ಲೋಹದ ದಣಿವು. ಪರೀಕ್ಷೆಗೆ ಬರುತ್ತದೋ ಇಲ್ಲವೋ ಅಂತಷ್ಟೇ ನೋಡುತ್ತಿದ್ದ ನಾನು ಅವತ್ತು ಮೊದಲ ಬೆಂಚಿಗೆ ಹೋಗಿ ಕೂತೆ.

ಲೋಹ ದಣಿಯುವುದು ಹೇಗೆ? ತುಂಬಿದ ಗಾಡಿಯ ಭಾರಕ್ಕೆ ಆಕ್ಸಲ್ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಒಂದು ಬದಿ ಹಿಗ್ಗುತ್ತದೆ, ಎದುರು ಬದಿ ಕುಗ್ಗುತ್ತದೆ. ಚಕ್ರ ಅರ್ಧ ಸುತ್ತು ತಿರುಗಿದರೆ ಹಿಗ್ಗಿದ್ದು ಕುಗ್ಗಬೇಕು, ಕುಗ್ಗಿದ್ದು ಹಿಗ್ಗಬೇಕು. ಚಕ್ರದ ಸುತ್ತಳತೆ ಎರಡು ಮೀಟರ್ ಅಂತಿಟ್ಟುಕೊಳ್ಳಿ. ದಿನಕ್ಕೆ 60 ಕಿಲೋಮೀಟರ್ ಓಡಿದರೆ 30 ಸಾವಿರ ಸಲ. ವರ್ಷಕ್ಕೆ 300 ದಿನವೆಂದರೆ 90 ಲಕ್ಷ. ಐದು ವರ್ಷಕ್ಕೆ ನಾಲ್ಕೂವರೆ ಕೋಟಿ ಸಲ! ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸಿ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ಕೆಲಸ. ಆದರೆ ತೀರಾ ನಿಧಾನ.

ಉಕ್ಕಿಗೆ ಒಂದು ಒಳ್ಳೆಯ ಗುಣವಿದೆ. ಹೊರೆ ಒಂದು ಮಿತಿಯೊಳಗಿದ್ದರೆ ಎಷ್ಟು ಕೋಟಿ ಸಲ ತಿರುಗಿದರೂ ಅದು ದಣಿಯುವುದಿಲ್ಲ ಎನ್ನಬಹುದು. ಅಲ್ಯೂಮಿನಿಯಂಗೆ ಆ ಭಾಗ್ಯವಿಲ್ಲ. ಆದರೆ ಉಳಿಯ ಗುರುತು, ತುಕ್ಕಿನ ಚುಕ್ಕೆ, ಕೆಟ್ಟ ವೆಲ್ಡಿಂಗ್ – ಇಂಥ ಕಡೆ ಹೊರೆಯೆಲ್ಲ ಒಂದೇ ಬಿಂದುವಿಗೆ ಬಂದು ಸೇರುತ್ತದೆ. ಅಲ್ಲಿ ಮಿತಿ ಮೀರುತ್ತದೆ. ಕೂದಲಿಗಿಂತ ಸಣ್ಣ ಬಿರುಕು ಹುಟ್ಟುತ್ತದೆ. ಪ್ರತಿ ಸುತ್ತಿಗೂ ತೆರೆದು ಮುಚ್ಚಿ, ತೆರೆದು ಮುಚ್ಚಿ ಮುಂದೆ ಸಾಗುತ್ತದೆ. ನನ್ನ ಕೈಲಿದ್ದ ತುಂಡಿನ ಗೆರೆಗಳು ಆ ಪಯಣದ ಗುರುತುಗಳು. ಉಳಿದ ಗಟ್ಟಿ ಭಾಗಕ್ಕೆ ಭಾರ ತಡೆಯಲಾಗದ ಕ್ಷಣ ಬಂದಾಗ ಒಂದೇ ಏಟಿಗೆ ಮುರಿಯುತ್ತದೆ. ಆ ಒರಟು ಭಾಗ ಅದೇ.

ಮನುಷ್ಯ ಈ ಪಾಠ ಕಲಿತದ್ದು ಸಾವುಗಳಿಂದ. 1842ರ ಮೇ 8ರಂದು ಫ್ರಾನ್ಸಿನ ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ ಹೊರಟ ರೈಲಿನ ಎಂಜಿನ್ ಆಕ್ಸಲ್ ಮುರಿದು, ಬೆಂಕಿ ಹತ್ತಿ, 50ಕ್ಕೂ ಹೆಚ್ಚು ಜನ ಸತ್ತರು. ಚೆನ್ನಾಗಿಯೇ ಇದ್ದ ಕಬ್ಬಿಣ ಯಾಕೆ ಮುರಿಯಿತು? ಮುಂದೆ ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವ್ಯೋಲರ್ ವರ್ಷಗಟ್ಟಲೆ ಆಕ್ಸಲ್‌ಗಳನ್ನು ತಿರುಗಿಸಿ ಮುರಿದು ಲೆಕ್ಕ ಬರೆದಿಟ್ಟರು. ಇಷ್ಟು ಹೊರೆಗೆ ಇಷ್ಟು ಸುತ್ತು ಎಂಬ ಅವರ ಗೆರೆಯನ್ನೇ ನಾವು ಇವತ್ತೂ ಲ್ಯಾಬ್‌ನಲ್ಲಿ ಎಳೆಯುವುದು.

ಆ ರಾತ್ರಿ ಅಪ್ಪನ ಪಕ್ಕ ಕೂತು ಇದನ್ನೆಲ್ಲ ಹೇಳಿದೆ. ಅಪ್ಪ ಎದ್ದು ಕೂತು ತುಂಡನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. 'ಹಂಗಾದ್ರೆ ಮೊದಲೇ ಗೊತ್ತಾಗ್ತಿತ್ತಾ?' ಅಂತ ಕೇಳಿದರು. ಮೇಸ್ತ್ರಿಯನ್ನು ಕೇಳಿದರೆ ಅವರಿಗೆ ಉಪಾಯ ಗೊತ್ತಿತ್ತು. ಆಕ್ಸಲ್ ಬಿಚ್ಚಿ, ತೊಳೆದು, ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಡಬೇಕು. ಚೆನ್ನಾಗಿ ಒರೆಸಿ ಮೇಲೆ ಸೀಮೆಸುಣ್ಣ ಬಳಿಯಬೇಕು. ಬಿರುಕಿದ್ದರೆ ಅದರೊಳಗೆ ಕೂತ ಎಣ್ಣೆ ಮೆಲ್ಲಗೆ ಹೊರಗೆ ಬಂದು ಸುಣ್ಣದ ಮೇಲೆ ಒದ್ದೆ ಗೆರೆ ಮೂಡಿಸುತ್ತದೆ. ಹಳೆಯ ಕಾಲದ ರೈಲ್ವೆ ವರ್ಕ್‌ಶಾಪ್‌ಗಳ ವಿದ್ಯೆ ಇದು. ಖರ್ಚು ಕೆಲವೇ ರೂಪಾಯಿ. 'ಮತ್ತೆ ಯಾಕೆ ಮಾಡಲ್ಲ ಮೇಸ್ತ್ರಿ?' ಅಂದೆ. 'ಯಾರು ಕೇಳ್ತಾರಮ್ಮ? ಓಡ್ತಾ ಇದೆಯಲ್ಲ, ಏನೂ ಆಗಲ್ಲ ಅಂತಾರೆ' ಅಂದರು.

ಈ 'ಏನೂ ಆಗಲ್ಲ' ಎಂಬ ಮಾತಿಗೆ ನಮ್ಮ ಅಜ್ಜಿಯಷ್ಟು ಹೆದರುವವರನ್ನು ನಾನು ನೋಡಿಲ್ಲ. ತಾತ ಕಲ್ಲು ಒಡೆಯುವ ಕೆಲಸಕ್ಕೆ ಹೋಗುತ್ತಿದ್ದರು. ಆ ಧೂಳಿನಿಂದ ಏನೂ ಆಗಲ್ಲ ಅಂತ ಕೆಲಸ ಕೊಟ್ಟವರು ಹೇಳಿದ್ದರಂತೆ. ತಾತ ಕೆಮ್ಮಿ ಕೆಮ್ಮಿ ಹೋದಾಗ ಅಜ್ಜಿಗೆ ಇನ್ನೂ ನಲವತ್ತೂ ಆಗಿರಲಿಲ್ಲ.

ಅಜ್ಜಿಯ ತವರು ಬಂಗಾರಪೇಟೆ ಕಡೆ. 2012ರ ನವೆಂಬರ್‌ನಲ್ಲಿ, ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಆ ಕಡೆಯಿಂದ ಒಂದು ಸುದ್ದಿ ಬಂತು. ಕೂಡಂಕುಳಂ ಅಣು ವಿದ್ಯುತ್ ಸ್ಥಾವರದ ಪ್ರಕರಣ ಸುಪ್ರೀಂ ಕೋರ್ಟ್‌ನಲ್ಲಿದ್ದಾಗ, ಅಲ್ಲಿನ ಅಣು ತ್ಯಾಜ್ಯವನ್ನು ಹೂಳುವ ಮಾತಿನಲ್ಲಿ ಕೋಲಾರದ ಚಿನ್ನದ ಗಣಿಗಳ ಹೆಸರು ಕೇಳಿಬಂದಿತ್ತು. ಕೆಜಿಎಫ್‌ನಲ್ಲಿ ಜನ ಬೀದಿಗಿಳಿದರು. ಅಂಥ ಯೋಜನೆ ಇಲ್ಲ ಎಂದು ಕೇಂದ್ರ ಸರ್ಕಾರ ಸ್ಪಷ್ಟನೆ ಕೊಟ್ಟಿತು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗಿ ಐದು ವರ್ಷವಾಗಿದ್ದರೂ ಅಜ್ಜಿಯ ಲೆಕ್ಕದಲ್ಲಿ ನಾವಿನ್ನೂ ಕೋಲಾರದವರೇ. 'ಚಿನ್ನ ತಗೊಂಡು ಹೋದ್ರು, ಈಗ ವಿಷ ತಂದು ಹಾಕ್ತಾರೆ' ಅಂತ ಅವತ್ತು ಅಂದ ಅಜ್ಜಿ, ಸ್ಪಷ್ಟನೆಯನ್ನು ನಂಬಲಿಲ್ಲ. ಗುಟ್ಟಾಗಿ ತಂದು ಹಾಕಿದ್ದಾರೆ ಎಂಬ ಅನುಮಾನ ಅವರ ಮನಸ್ಸಿನಲ್ಲಿ ಹಾಗೇ ಉಳಿಯಿತು.

ಇಷ್ಟು ವರ್ಷದ ಮೇಲೆ ಅದು ಮತ್ತೆ ಎದ್ದಿದ್ದು ನನ್ನಿಂದ. ಡಿಗ್ರಿ ಮುಗಿದ ಮೇಲೆ ಅಣುಶಕ್ತಿ ಇಲಾಖೆಯ ತರಬೇತಿಗೆ ಅರ್ಜಿ ಹಾಕುತ್ತೇನೆ ಅಂದೆ. ಲೋಹದ ದಣಿವನ್ನು ತೀರಾ ಗಂಭೀರವಾಗಿ ತೆಗೆದುಕೊಳ್ಳುವ ಕೆಲಸಗಳಲ್ಲಿ ಅದೂ ಒಂದು ಎಂಬುದಷ್ಟೇ ನನ್ನ ತಲೆಯಲ್ಲಿದ್ದದ್ದು. ಅಜ್ಜಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಮೂರನೇ ದಿನ, 'ನಮ್ಮ ಗಣೀಲಿ ಅದನ್ನ ಹಾಕಿದ್ದಾರೋ ಇಲ್ವೋ, ಮೊದಲು ಅದು ಹೇಳು. ಆಮೇಲೆ ಅರ್ಜಿ' ಅಂದರು.

ನ್ಯಾಯವಾದ ಪ್ರಶ್ನೆ. ಓದಲು ಕೂತೆ.

ಹಾಕಿದ್ದು ನಿಜ. ಆದರೆ ತ್ಯಾಜ್ಯವನ್ನಲ್ಲ, ಹೀಟರ್‌ಗಳನ್ನು! 1980ರ ದಶಕದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರು ಕೆಜಿಎಫ್‌ನ ಗಣಿಯ ಕೈಬಿಟ್ಟ ಭಾಗವೊಂದರಲ್ಲಿ, ಸುಮಾರು ಸಾವಿರ ಮೀಟರ್ ಆಳದಲ್ಲಿ, ಕೋಣೆ ಮಾಡಿಕೊಂಡು ಬಂಡೆಯೊಳಗೆ ವಿದ್ಯುತ್ ಹೀಟರ್ ಇಟ್ಟು ವರ್ಷಗಟ್ಟಲೆ ಪರೀಕ್ಷೆ ನಡೆಸಿದ್ದರು. ಅಣು ತ್ಯಾಜ್ಯ ಬಹಳ ಕಾಲ ಬಿಸಿಯಾಗಿರುತ್ತದೆ. ಆ ಬಿಸಿಗೆ ಸುತ್ತಲ ಬಂಡೆ ಹೇಗೆ ಹಿಗ್ಗುತ್ತದೆ, ಎಲ್ಲಿ ಬಿರಿಯುತ್ತದೆ ಎಂದು ತಿಳಿಯುವುದು ಉದ್ದೇಶ. ಓದುತ್ತಾ ಮೇಜಿನ ಮೇಲಿನ ತುಂಡಿನತ್ತ ನೋಡಿದೆ. ಆಕ್ಸಲ್‌ಗೆ ಕೇಳಬೇಕಿದ್ದ ಪ್ರಶ್ನೆಯನ್ನೇ ಅವರು ಬಂಡೆಗೆ ಕೇಳಿದ್ದರು.

ಹಾಗಾದರೆ ತ್ಯಾಜ್ಯವನ್ನು ಏನು ಮಾಡುತ್ತಾರೆ? ಇದನ್ನು ಅಜ್ಜಿಗೆ ವಿವರಿಸಲು ನನಗೆ ನೆರವಾಗಿದ್ದು ಬಳೆಚೂರು. ನಮ್ಮ ಹೊಲ ಉಳುವಾಗ ಹಳೆಯ ಗಾಜಿನ ಬಳೆ ಚೂರುಗಳು ಸಿಗುತ್ತವೆ. ಯಾವ ಕಾಲದ ಯಾರ ಬಳೆಯೋ. ಜೊತೆಯಲ್ಲಿದ್ದ ಕಬ್ಬಿಣ ತುಕ್ಕಾಗಿ ಮಣ್ಣು ಸೇರಿದರೂ ಬಳೆಚೂರಿನ ಹಸಿರು ಹಾಗೇ ಇರುತ್ತದೆ. ಯಾಕೆಂದರೆ ಆ ಬಣ್ಣವನ್ನು ಮೇಲೆ ಬಳಿದಿಲ್ಲ, ಗಾಜು ಕರಗಿದ್ದಾಗಲೇ ಒಳಗೆ ಬೆರೆಸಿದ್ದಾರೆ. ನೀರಿನಲ್ಲಿ ತೊಳೆದರೂ ಬಿಡುವುದಿಲ್ಲ.

ಅಣು ತ್ಯಾಜ್ಯಕ್ಕೂ ಮಾಡುವುದು ಇದನ್ನೇ. ಸ್ಥಾವರದಲ್ಲಿ ಉರಿದ ಇಂಧನವನ್ನು ಮೊದಲು ಕೆಲವು ವರ್ಷ ನೀರಿನ ಕೊಳದಲ್ಲಿ ಮುಳುಗಿಸಿಟ್ಟು ತಣಿಸುತ್ತಾರೆ. ಆಮೇಲೆ ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಮತ್ತೆ ಬಳಸಬಹುದಾದ ಯುರೇನಿಯಂ, ಪ್ಲುಟೋನಿಯಂ ಬೇರ್ಪಡಿಸುತ್ತಾರೆ. ಕೊನೆಗೆ ಉಳಿಯುವ ದ್ರವದ ಪ್ರಮಾಣ ಕಡಿಮೆ, ವಿಕಿರಣ ಮಾತ್ರ ವಿಪರೀತ. ಅದನ್ನು ಬೋರೊಸಿಲಿಕೇಟ್ ಗಾಜಿನ ಸಾಮಗ್ರಿಯೊಂದಿಗೆ ಬೆರೆಸಿ ಸುಮಾರು ಸಾವಿರ ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ, ಸ್ಟೇನ್‌ಲೆಸ್ ಸ್ಟೀಲ್ ಡಬ್ಬಿಗಳಿಗೆ ಸುರಿದು, ವೆಲ್ಡ್ ಮಾಡಿ ಮುಚ್ಚುತ್ತಾರೆ. ಟ್ರಾಂಬೆ, ತಾರಾಪುರ, ಕಲ್ಪಾಕ್ಕಂಗಳಲ್ಲಿ ಈ ಘಟಕಗಳಿವೆ. ತಾರಾಪುರದಲ್ಲಿ ಇಂಥ ಡಬ್ಬಿಗಳನ್ನು ಗಾಳಿಯಾಡಿಸಿ ತಣಿಸುತ್ತಾ ದಶಕಗಟ್ಟಲೆ ಕಾಯುವ ಉಗ್ರಾಣವೂ ಇದೆ. ಈ ತ್ಯಾಜ್ಯದಿಂದಲೇ ಸೀಸಿಯಂ ತೆಗೆದು, ಆಸ್ಪತ್ರೆಗಳಲ್ಲಿ ರೋಗಿಗೆ ಕೊಡುವ ರಕ್ತವನ್ನು ಸಂಸ್ಕರಿಸುವ ಯಂತ್ರಕ್ಕೆ ಬಳಸುತ್ತಾರೆ ಎಂಬುದು ನನಗೂ ಹೊಸ ವಿಷಯವಾಗಿತ್ತು.

'ಎಷ್ಟು ದಿನ ಕಾಯ್ಬೇಕು?' ಅಜ್ಜಿಯ ಮುಂದಿನ ಪ್ರಶ್ನೆ. ಸೀಸಿಯಂನ ಅರ್ಧಾಯುಷ್ಯ 30 ವರ್ಷ. ಮೂವತ್ತು ವರ್ಷಕ್ಕೆ ಅರ್ಧ, ಅರವತ್ತಕ್ಕೆ ಕಾಲು. ಹೀಗೆ 300 ವರ್ಷಕ್ಕೆ ಸಾವಿರದ ಒಂದು ಪಾಲು ಉಳಿಯುತ್ತದೆ. ನಂದಿಯ ಭೋಗನಂದೀಶ್ವರ ದೇವಸ್ಥಾನ ಸಾವಿರ ವರ್ಷ ದಾಟಿ ನಿಂತಿರುವಾಗ 300 ವರ್ಷ ಕಾಯುವುದನ್ನು ಹೇಗೋ ಊಹಿಸಿಕೊಳ್ಳಬಹುದು. ಆದರೆ ಪ್ಲುಟೋನಿಯಂನ ಅರ್ಧಾಯುಷ್ಯ 24 ಸಾವಿರ ವರ್ಷ. ಅದರ ಒಂದಿಷ್ಟು ಅಂಶ ತ್ಯಾಜ್ಯದಲ್ಲೂ ಉಳಿದಿರುತ್ತದೆ. ಅಷ್ಟು ಕಾಲ ಕಾಯುವ ಕಾವಲುಗಾರ ಎಲ್ಲಿದ್ದಾನೆ? ಅದಕ್ಕೇ ಆಳದ ಬಂಡೆಯ ಯೋಚನೆ. ಫಿನ್ಲೆಂಡ್ ದೇಶ 400 ಮೀಟರ್‌ಗೂ ಆಳದಲ್ಲಿ ಇದಕ್ಕಾಗಿ ಸುರಂಗ ಕೊರೆದಿದೆ. ಭಾರತದಲ್ಲಿ ಅಂಥ ಆಳದ ಉಗ್ರಾಣ ಇಲ್ಲ.

ಈ ಓದಿನಲ್ಲಿ ಅಜ್ಜಿಯ ಭಯ ಅರ್ಧ ಸರಿ ಎಂದೂ ನನಗೆ ಅರ್ಥವಾಯಿತು. ಹೂತಿಟ್ಟ ತ್ಯಾಜ್ಯಕ್ಕೆ ದೊಡ್ಡ ಶತ್ರು ನೀರು. ನೀರು ಬಂಡೆಯೊಳಗಿನದನ್ನು ಕರಗಿಸಿ ಹೊತ್ತು ತರುತ್ತದೆ. ನಮಗೆ ಇದನ್ನು ಪುಸ್ತಕ ಹೇಳಿಕೊಡಬೇಕಿಲ್ಲ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಹಲವು ಆಳದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಜೊತೆಗೆ ಬಂಡೆಯದೇ ಸಹಜ ಯುರೇನಿಯಂ ಕೂಡ ಮಿತಿ ಮೀರಿ ಕಂಡುಬಂದಿದೆ. ಯಾರೂ ತಂದು ಹಾಕಿದ್ದಲ್ಲ ಅದು. ಇನ್ನು ಕೆಜಿಎಫ್ ಗಣಿಗಳು ಒಂದು ಶತಮಾನಕ್ಕೂ ಹೆಚ್ಚು ಕಾಲ ಅಗೆದು ತೂತು ಬಿದ್ದ ನೆಲ. ಆಳದಲ್ಲಿ ಒತ್ತಡ ತಾಳಲಾರದೆ ಬಂಡೆಗಳು ಸಿಡಿಯುತ್ತಿದ್ದ ಜಾಗ. 2001ರಲ್ಲಿ ಗಣಿ ಮುಚ್ಚಿ ಪಂಪುಗಳು ನಿಂತ ಮೇಲೆ ನೀರು ತುಂಬಿಕೊಂಡಿದೆ. ಇಂಥಲ್ಲಿ ತ್ಯಾಜ್ಯ ಇಡಬಾರದು ಅಂತ ಬಂಗಾರಪೇಟೆಯ ಹೆಣ್ಣುಮಗಳು ಹೇಳಿದರೆ ಅದು ಅಜ್ಞಾನವೇನಲ್ಲ. ನನ್ನ ಅಭಿಪ್ರಾಯವೂ ಅದೇ.

ಉಳಿದರ್ಧ ಭಯ ಯಾರೂ ಏನೂ ಹೇಳದೆ ಇದ್ದುದರಿಂದ ಬಂದದ್ದು. ಗೌರಿಬಿದನೂರಿನಲ್ಲಿ ನಮ್ಮ ಚಿಕ್ಕಮ್ಮನ ಮನೆಯಿದೆ. ಅಲ್ಲಿಗೆ ಹೋದಾಗಲೆಲ್ಲ, 'ಇಲ್ಲಿ ಏನೋ ಅಣುದು ಇಟ್ಟಿದ್ದಾರಂತೆ' ಅಂತ ಹುಡುಗರು ಪಿಸುಗುಡುತ್ತಿದ್ದೆವು. ಇರುವುದು ಕಂಪನ ಮಾಪಕಗಳ ಸಾಲು. 1965ರಿಂದ ಅವು ನೆಲಕ್ಕೆ ಕಿವಿ ಕೊಟ್ಟು ಕೂತಿವೆ. ದೂರದ ಯಾವುದೋ ದೇಶ ನೆಲದಡಿಯಲ್ಲಿ ಅಣುಬಾಂಬ್ ಸಿಡಿಸಿದರೂ ನಮ್ಮ ಹಳೆಯ ಗಟ್ಟಿ ಬಂಡೆಗಳು ಆ ನಡುಕವನ್ನು ತಂದು ಮುಟ್ಟಿಸುತ್ತವೆ. ಅದನ್ನು ಕೇಳಿಸಿಕೊಳ್ಳುವುದಷ್ಟೇ ಅವುಗಳ ಕೆಲಸ. ಹೇಳಿದ್ದರೆ ಹೆಮ್ಮೆಪಡುತ್ತಿದ್ದೆವು. ಹೇಳದೆ ಇದ್ದುದಕ್ಕೆ ಹೆದರಿದೆವು.

ಆದರೂ ಅಜ್ಜಿಗೆ 'ಏನೂ ಆಗಲ್ಲ' ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಆಗಿದ್ದನ್ನೇ ಹೇಳಿದೆ. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾ ಅಣು ವಿದ್ಯುತ್ ಸ್ಥಾವರದಲ್ಲಿ ಟರ್ಬೈನ್‌ನ ಎರಡು ಅಲಗು ಮುರಿದವು. ಕಾರಣ ಅದೇ, ಲೋಹದ ದಣಿವು. ತಿರುಗುವ ಯಂತ್ರ ಸಮತೋಲ ತಪ್ಪಿ ಅದುರಿ, ಹೈಡ್ರೋಜನ್ ಸೋರಿ ಬೆಂಕಿ ಹತ್ತಿತು. ಕೇಬಲ್‌ಗಳು ಸುಟ್ಟು ಸುಮಾರು 17 ಗಂಟೆ ಸ್ಥಾವರಕ್ಕೆ ವಿದ್ಯುತ್ ಇರಲಿಲ್ಲ. ಸಿಬ್ಬಂದಿ ರಿಯಾಕ್ಟರನ್ನು ನಿಲ್ಲಿಸಿ ತಣ್ಣಗಿಟ್ಟರು. ವಿಕಿರಣ ಹೊರಬರಲಿಲ್ಲ. ಅಪ್ಪನ ಆಕ್ಸಲ್‌ನಂತೆ ಆ ಅಲಗುಗಳೂ ಅವತ್ತೇ ಮುರಿದದ್ದಲ್ಲ.

ಇನ್ನೊಂದು ಕಥೆಯನ್ನೂ ಹೇಳಿದೆ. ನಮ್ಮದೇ ರಾಜ್ಯದ ಕೈಗಾದ ಒಂದನೇ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಿಲ್ಲದೆ ನಡೆಯಿತು. ಆಗ ಅದು ವಿಶ್ವದಾಖಲೆ. ನಿಮಿಷಕ್ಕೆ 3000 ಸುತ್ತು ತಿರುಗುವ ಟರ್ಬೈನ್ ಅದು. ಲೆಕ್ಕ ಹಾಕಿ ನೋಡಿದೆ, 415 ಕೋಟಿ ಸುತ್ತು! ಅಷ್ಟು ಸುತ್ತು ಅಲಗು ಗಟ್ಟಿಯಾಗಿ ನಿಂತದ್ದು ಪವಾಡದಿಂದಲ್ಲ. ಅಂಥ ಯಂತ್ರವನ್ನು ಓಡಿಸುವ ಮುನ್ನ ಯಾರೋ ಒಬ್ಬೊಬ್ಬರಾಗಿ ಅಲಗುಗಳನ್ನು ಪರೀಕ್ಷಿಸಿರಬೇಕು. ನಮ್ಮ ಮೇಸ್ತ್ರಿಯ ಸೀಮೆಎಣ್ಣೆ-ಸುಣ್ಣದ ವಿದ್ಯೆಯೇ ಅಲ್ಲಿ ಬಣ್ಣದ ದ್ರವ, ಶಬ್ದತರಂಗ ಅಂತ ಹೊಸ ರೂಪದಲ್ಲಿದೆ, ಅಷ್ಟೆ. ನಾನು ಹೋಗಬೇಕೆಂದಿರುವುದು ಆ ಕೆಲಸಕ್ಕೆ.

ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. ಮೇಜಿನ ಮೇಲಿದ್ದ ತುಂಡನ್ನು ಎತ್ತಿಕೊಂಡು ಉಳಿಯ ಗುರುತಿನ ಮೇಲೆ ಬೆರಳಾಡಿಸಿದರು. 'ನಿಮ್ಮ ತಾತನ ಎದೇನ ಯಾರೂ ಹಿಂಗೆ ನೋಡ್ಲೇ ಇಲ್ಲ ಕಣೇ' ಅಂದರು. ಆಮೇಲೆ, 'ಹೋಗು. ನೋಡೋರಲ್ಲಿ ನಮ್ಮೋರೂ ಒಬ್ರು ಇರಲಿ. ಆದ್ರೆ ಏನಾದ್ರೂ ಕಂಡ್ರೆ ಬಾಯಿ ಮುಚ್ಕೊಂಡು ಇರಬೇಡ.'

ಅರ್ಜಿ ಹಾಕಿದ್ದೇನೆ. ಸಿಗುತ್ತದೋ ಇಲ್ಲವೋ, ಓದು ನಡೆದಿದೆ. ಅಪ್ಪ ಈಗ ಗಾಡಿ ಸರ್ವೀಸಿಗೆ ಬಿಟ್ಟಾಗಲೆಲ್ಲ ಆಕ್ಸಲ್ ಬಿಚ್ಚಿಸುತ್ತಾರೆ. ಹೋದ ವಾರ ಶಿಡ್ಲಘಟ್ಟದಿಂದ ಫೋನ್ ಮಾಡಿದ್ದರು. 'ಸುಣ್ಣ ಹಚ್ಚಿ ಅರ್ಧ ಗಂಟೆ ಕೂತಿದ್ದೆ ಕಣಮ್ಮ, ಗೆರೆ ಏನೂ ಬರಲಿಲ್ಲ' ಅಂದರು. ಹಿಂದೆ ಮೇಸ್ತ್ರಿ ನಗುವುದು ಕೇಳಿಸಿತು. ಈಗ ಇನ್ನೂ ಇಬ್ಬರು ಟೆಂಪೊದವರು ಬಂದು ಸುಣ್ಣ ಹಚ್ಚಿಸಿಕೊಂಡು ಹೋಗುತ್ತಾರಂತೆ.